ಮಾವನವರ ಹೊಟ್ಟೆ

ಎಲ್ಲಕ್ಕೂ ಕಾರಣ ಒಂದು ಮೊಳೆ.

ಸರ್ಜನ್ನರ ಕೋಣೆಯ ಗೋಡೆಗೆ ಆ ಮೊಳೆ ಹೊಡೆದು ವರ್ಷಗಳಾಗಿದ್ದವು. ಶಸ್ತ್ರಚಿಕಿತ್ಸೆಯ ಉನ್ನತ ಬೋರ್ಡ್ ಪರೀಕ್ಷೆ ಪಾಸಾದ ಪ್ರಮಾಣಪತ್ರ ನೇತುಹಾಕಲೆಂದು ಹೊಡೆದದ್ದು. ಆದರೆ ಪರೀಕ್ಷಕರ ಮುಂದೆ ಕೂತರೆ ಸಾಕು, ಸರ್ಜನ್ನರ ನಾಲಿಗೆ ಕೈಕೊಡುತ್ತಿತ್ತು. ಪ್ರಮಾಣಪತ್ರ ಬರಲಿಲ್ಲ. ರೋಗಿಗಳು ಕೊಡೆ ತೂಗುಹಾಕಿ ಹಾಕಿ ಮೊಳೆಯೇ ತಲೆ ತಗ್ಗಿಸಿಬಿಟ್ಟಿತ್ತು.

ರೋಗಿಗಳಿಗೇನೂ ಚಿಂತೆಯಿರಲಿಲ್ಲ. ಸರ್ಜನ್ನರು ಕೊಯ್ದು ಹೊಲಿದ ಹೊಟ್ಟೆಗಳು ಊರ ತುಂಬ ಆರಾಮವಾಗಿ ಓಡಾಡಿಕೊಂಡಿದ್ದವು. ಸಿಗದೆ ಉಳಿದದ್ದು ಒಂದೇ ಹೊಟ್ಟೆ, ಮಾವನವರದು.

ಮಾವ ನಿವೃತ್ತ ಹೆಡ್‌ಮಾಸ್ಟರು. ಹರ್ನಿಯಾವನ್ನು ಅಂಗೈಯಲ್ಲಿ ಅದುಮಿಕೊಂಡೇ ಓಡಾಡುತ್ತಿದ್ದರು. "ಪಾಸಾಗಲಿ, ಆಮೇಲೆ ನೋಡೋಣ. ಫೇಲಾದವರ ಕೈಗೆ ನಾನು ಸೀಮೆಸುಣ್ಣಾನೂ ಕೊಟ್ಟವನಲ್ಲ, ಹೊಟ್ಟೆ ಕೊಡ್ತೀನಾ?" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದುಂಟು; ಮಾವ ಅಳಿಯನನ್ನು ಗಿಡವೆಂದೇ ಒಪ್ಪಿರಲಿಲ್ಲ. ಯಾರಾದರೂ ವಿಚಾರಿಸಿದರೆ, "ಅಳಿಯಂದಿರು ಆಸ್ಪತ್ರೇಲಿ ಏನೋ ಕೆಲಸದಲ್ಲಿದಾರೆ" ಎಂದುಬಿಡುತ್ತಿದ್ದರು.

ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡಿದ್ದ ಸರ್ಜನ್ನರಿಗೆ ಆ ಬಾಯಿಂದ ಒಂದೇ ಒಂದು ಸಲ 'ಡಾಕ್ಟ್ರೇ' ಎನ್ನಿಸಿಕೊಳ್ಳುವ ಆಸೆ. ವಾರ್ಡಿನಲ್ಲಿ ಯಾವುದೋ ಅಜ್ಜ ಹಾಗೆ ಕರೆದರೆ ಅವರ ಮನಸ್ಸು ಮಾವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ಅಂತೂ ಐದನೇ ಸಲಕ್ಕೆ ಪಾಸಾದರು. ಅಂದು ಬೆಳಿಗ್ಗೆ ಪ್ರಮಾಣಪತ್ರ ಫ್ರೇಮಿನೊಳಗೆ ಕೂತು ಬಂತು. ಬಾಗಿದ ಮೊಳೆ ಅದರ ಭಾರ ತಡೆಯಲಿಲ್ಲ.

"ಬಡಗೀನ ಕರೀತೀನಿ ತಾಳಿ ಸಾರ್" ಎಂದರು ಸಿಸ್ಟರ್.

"ಬೇಡ ಸಿಸ್ಟರ್. ಇಷ್ಟು ವರ್ಷ ಕಾದಿದೀನಿ, ನಾನೇ ಹೊಡೀತೀನಿ."

ಹೊಡೆದರು. "ಇನ್ನೂ ಸ್ವಲ್ಪ ಕೆಳಗಿದ್ರೆ ಕೂತವರಿಗೆ ಕಾಣ್ಸುತ್ತೆ" ಎಂದರು ಸಿಸ್ಟರ್. ಇನ್ನೊಂದು ತೂತಾಯಿತು. ಅರಿವಳಿಕೆ ಡಾಕ್ಟರು ಇಣುಕಿ, "ನಿಮ್ಮ ಮಾವ ಬಂದ್ರೆ ಕೂರೋದು ಆ ಕುರ್ಚೀಲಿ ತಾನೇ? ಅದರ ಎದುರಿಗೆ ಹೊಡೀರಿ" ಎಂದರು. ಈ ಮಾತು ಮನಸ್ಸಿಗೆ ನಾಟಿತು. ಸರ್ಜನ್ನರು ಇಷ್ಟು ವರ್ಷದ ಆಸೆಯನ್ನೆಲ್ಲ ಸೇರಿಸಿ ಸುತ್ತಿಗೆ ಬೀಸಿದರು. ಮೊಳೆಯೇನೋ ನಾಟಿತು, ಆದರೆ ಏಟಿನಲ್ಲಿ ಅರ್ಧ ಪಾಲು ಎಡಗೈ ಹೆಬ್ಬೆರಳಿಗೆ ಬಿತ್ತು.

ಬೆರಳನ್ನು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಹೆಂಡತಿಯ ಫೋನು. "ರೀ, ಅಪ್ಪಂಗೆ ತಡೀಲಾರದ ನೋವು, ವಾಂತಿ ಬೇರೆ. ಕರ್ಕೊಂಡು ಬರ್ತಿದೀನಿ."

ಮಾವ ಬೆವೆತು ನೀರಾಗಿ ಬಂದರು. ಹರ್ನಿಯಾದೊಳಗೆ ಕರುಳು ಸಿಕ್ಕಿಹಾಕಿಕೊಂಡಿತ್ತು, ತಡಮಾಡುವಂತಿರಲಿಲ್ಲ. ಆದರೂ ಗೋಡೆಯ ಮುಂದೆ ನಿಂತು, ಕನ್ನಡಕ ಏರಿಸಿ, ಪ್ರಮಾಣಪತ್ರವನ್ನು ಮೊಹರಿನ ತನಕ ಓದಿದರು.

"ಸರಿ. ಮಾಡಿ."

ಸರ್ಜನ್ನರ ಕಣ್ಣು ತುಂಬಿತು. ಈಗ ಬೆರಳಿನ ಸುದ್ದಿ ಎತ್ತಿದರೆ ಈ ಹೊಟ್ಟೆ ಮತ್ತೆ ಸಿಗುವುದಿಲ್ಲ. ಕೈಯನ್ನು ಕೋಟಿನ ಜೇಬಿಗಿಳಿಸಿದರು.

ಆಪರೇಷನ್ ಥಿಯೇಟರಿನಲ್ಲಿ ಮಾವನಿಗೆ ಅರಿವಳಿಕೆ ಕೊಟ್ಟಾಯಿತು. ಸರ್ಜನ್ನರು ಗ್ಲೌಸಿಗೆ ಕೈ ತೂರಿಸಿದರು. ನಾಲ್ಕು ಬೆರಳು ಹೋದವು. ಬದನೆಕಾಯಿಯಂತೆ ಊದಿದ್ದ ಐದನೆಯದು ಹೋಗಲಿಲ್ಲ. ದೊಡ್ಡ ಗ್ಲೌಸಿನಲ್ಲಿ ಹೋಯಿತು, ಆದರೆ ಇಕ್ಕಳ ಹಿಡಿಯಲು ಬಾಗಲಿಲ್ಲ.

ಎದುರಿಗೆ ಕಿರಿಯ ಸರ್ಜನ್ ನಿಂತಿದ್ದಳು.

"ನೀನೇ ಮಾಡಮ್ಮ. ನಾನು ಪಕ್ಕದಲ್ಲಿರ್ತೀನಿ."

"ಸಾರ್, ನಾನು ಈ ಸಲಾನೂ ಬೋರ್ಡಲ್ಲಿ ಫೇಲು."

"ನಾನು ನಾಲ್ಕು ಸಲ ಫೇಲಾಗಿ ಊರೆಲ್ಲ ಹೊಲಿದಿಲ್ವಾ? ಮಾಡು."

ಅವಳು ಸಿಕ್ಕಿದ್ದ ಕರುಳನ್ನು ಬಿಡಿಸಿ, ಒಳಗಿಟ್ಟು, ಅಚ್ಚುಕಟ್ಟಾಗಿ ಹೊಲಿದಳು. ಸರ್ಜನ್ನರು ಮದುವೆಗೆ ಬಂದು ಊಟಕ್ಕೆ ಜಾಗ ಸಿಗದವರಂತೆ ನೋಡುತ್ತ ನಿಂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಜೆ ಮಾವನಿಗೆ ಎಚ್ಚರವಾಯಿತು. ಹೊಟ್ಟೆ ಮುಟ್ಟಿ ನೋಡಿಕೊಂಡರು. "ಆ ನೋವು ಪತ್ತೆಯೇ ಇಲ್ಲ. ಪಾಸಾದ ಕೈಯೇ ಬೇರೆ. ಭೇಷ್" ಎಂದು ಅಳಿಯನ ಮುಖ ನೋಡಿದರು. ಮುಂದಿನ ಮಾತು ತುಟಿಯ ತನಕ ಬಂದಿತ್ತು.

ಸುಮ್ಮನಿದ್ದು ಕೇಳಿಸಿಕೊಳ್ಳಬಹುದಿತ್ತು. ಆದರೆ ಬಾಗಿಲ ಬಳಿ ಕಿರಿಯ ಸರ್ಜನ್ ಆ ಹಳೆಯ ಮೊಳೆಯ ಹಾಗೆ ತಲೆ ತಗ್ಗಿಸಿಕೊಂಡು ನಿಂತಿದ್ದಳು.

"ನಾನಲ್ಲ, ಮಾವ" ಎಂದು ಸರ್ಜನ್ನರು ಹೆಬ್ಬೆರಳನ್ನು ಜೇಬಿನಿಂದ ಹೊರತೆಗೆದು ತೋರಿಸಿದರು. "ಮಾಡಿದ್ದು ಇವಳು. ಇನ್ನೂ ಪಾಸಾಗಿಲ್ಲ."

ಮಾವ ಉತ್ತರಪತ್ರಿಕೆ ತಿದ್ದುವವರಂತೆ ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ದೊಡ್ಡ ಉಪಕಾರವಾಯ್ತು, ಡಾಕ್ಟ್ರೇ."

ಬಳಿಕ ಈ ಕಡೆ ತಿರುಗಿ, "ಅಳಿಯಂದಿರೇ, ಈ ದಿಂಬು ಸ್ವಲ್ಪ ಮೇಲೆ ಮಾಡಿ. ಬೆರಳು ಜೋಪಾನ" ಎಂದರು.