ನಲವತ್ತೊಂದನೆಯ ಕೋಟ್

ಬಹಳ ಹಿಂದೆ, ಅಂದರೆ ಭೂಪಟದವರಿಗೆ ಇನ್ನೂ ಸುದ್ದಿ ಮುಟ್ಟದಿದ್ದ ಕಾಲದಲ್ಲಿ, ಕಡಲಂಚಿಗೆ ತರಂಗಪುರಿ ಎಂಬ ರಾಜ್ಯವಿತ್ತು. ಅದಕ್ಕಿದ್ದದ್ದು ಒಂದೇ ಯುದ್ಧನೌಕೆ, ‘ಜಲಮಾರ್ತಾಂಡ’. ಶತ್ರುಗಳೇ ಇರಲಿಲ್ಲವಾದ್ದರಿಂದ ಅದು ಇನ್ನೂ ಸೋತಿರಲಿಲ್ಲ.

ಹಡಗಿನ ಪೈಪು ಮೇಸ್ತ್ರಿ ಅಣ್ಣಪ್ಪ ಖಾರ್ವಿಗೆ ಒಂದೇ ಚಿಂತೆ. ಬೆಂಕಿ ಬಿದ್ದರೆ ನೀರು ತರಬೇಕಾದ ಪೈಪುಗಳು ತುಕ್ಕು ತಿಂದು ಹಪ್ಪಳವಾಗಿದ್ದವು. ಕೆಳಗೆ ಅಡುಗೆಮನೆಯಲ್ಲಿ ಅವನ ತಮ್ಮ ಬಾಬು ದಿನವಿಡೀ ಒಲೆ ಉರಿಸುತ್ತಿದ್ದ. ಮಹಾರಾಜರು ಹಡಗು ನೋಡಲು ಬಂದಾಗಲೆಲ್ಲ ಪೈಪಿಗೊಂದು ಕೋಟ್ ಕೆಂಪು ಬಣ್ಣ ಹೊಡೆಯುವುದು ಅಲ್ಲಿನ ಪದ್ಧತಿ. ನಲವತ್ತು ಭೇಟಿಗಳಾಗಿದ್ದವು.

“ಒಡೆಯಾ, ಒಳ್ಗೆ ಕಬ್ಣವೇ ಇಲ್ಲೆ, ಬರೀ ಬಣ್ಣ ನಿಂತ್ಕಂಡಿತ್ತ್,” ಎಂದು ಅಣ್ಣಪ್ಪ ನೌಕಾಮಂತ್ರಿ ಸ್ತುತಿಸಾಗರರಿಗೆ ಅರಿಕೆ ಮಾಡಿದ. “ಹೊಸ ಪೈಪ್ ಹಾಕ್ದೆ ಆತಿಲ್ಲೆ.”

“ಮೂಢ! ಪೈಪು ಬದಲಿಸಿದರೆ, ಪ್ರಭುಗಳು ನಲವತ್ತು ಸಲ ಮೆಚ್ಚಿದ್ದು ತುಕ್ಕನ್ನೇ ಎಂದಾಗುವುದಿಲ್ಲವೇ? ನಲವತ್ತೊಂದನೆಯ ಕೋಟ್ ಹೊಡೆ. ನಾಳೆ ಅವರೇ ಪೈಪಿಗೆ ಆರತಿ ಎತ್ತುತ್ತಾರೆ.”

“ಹಸಿ ಬಣ್ಣಕ್ಕೆ ಬೆಂಕಿಯಾ?”

“ಬೆಂಕಿಯಲ್ಲ. ಆರತಿ.”

ಮರುದಿನ ಮಹಾರಾಜ ತರಂಗಕೇತು ಕರ್ಪೂರದಾರತಿ ಎತ್ತಿದರು. ಬಣ್ಣ ಭಗ್ಗೆಂದಿತು. ಆಸ್ಥಾನ ಚಪ್ಪಾಳೆ ತಟ್ಟಿತು. ಜ್ವಾಲೆ ಅಡುಗೆಮನೆಯ ಮೆಟ್ಟಿಲಿಗಿಳಿದಾಗ ಅಣ್ಣಪ್ಪ ಓಡಿಹೋಗಿ ವಾಲ್ವ್ ತಿರುಗಿಸಿದ. ಪೈಪು ಎರಡು ಸಲ ಕೆಮ್ಮಿ, ಒಂದು ಹಿಡಿ ಕೆಂಪು ಪುಡಿಯನ್ನು ರಾಜಪಾದಕ್ಕೆ ಅರ್ಪಿಸಿ ಉದುರಿಹೋಯಿತು.

“ಬಾಬೂ, ಮೇಲ್ ಬಾ ಮಾರಾಯಾ!” ಎಂದು ಅರಚಿದ ಅಣ್ಣಪ್ಪ ದಡದ ಜನರತ್ತ ಕೈ ಬೀಸಿದ. ಮೀನು ಮಾರುವ ಹೆಂಗಸರು ಬುಟ್ಟಿ ಬಿಟ್ಟು, ಕೊಡ ಹಿಡಿದು ಸಾಲುಗಟ್ಟಿದರು. ಕೈಯಿಂದ ಕೈಗೆ ನೀರು ಬಂದು ಬೆಂಕಿ ಆರಿತು. ಬಾಬು ಅರ್ಧ ಮೀಸೆಯೊಂದಿಗೆ ಹತ್ತಿ ಬಂದ.

“ಮೀನ್ ಸಾರ್ ಉಳ್ದಿತ್ತ್, ಅಣ್ಣಾ,” ಎಂದ.

ಮಹಾರಾಜರು ಆ ಸಾಲನ್ನೇ ನೋಡುತ್ತಿದ್ದರು. “ಎಂಥ ಪೈಪು! ತುಕ್ಕೇ ಹಿಡಿಯದು!”

“ಪ್ರಭುಗಳ ದೂರದೃಷ್ಟಿ,” ಎಂದರು ಮಂತ್ರಿ. “ಪರಿಸರಸ್ನೇಹಿ ಕೂಡ.”

ಸಂಜೆಗೆ ರಾಜಾಜ್ಞೆ ಹೊರಟಿತು: ಮನೆಗೊಬ್ಬರು ಸ್ವಂತ ಕೊಡದೊಂದಿಗೆ ಹಡಗಿನಲ್ಲಿ ಪೈಪಾಗಿ ನಿಲ್ಲತಕ್ಕದ್ದು; ಬಣ್ಣವನ್ನೂ ಮನೆಯಿಂದಲೇ ತರತಕ್ಕದ್ದು. ಮಂತ್ರಿಗೆ ‘ತುಕ್ಕುಸಂಹಾರಿ’ ಎಂಬ ಬಿರುದು. ಮೆಟ್ಟಿಲ ತಿರುವಿಗೆ, ಪೈಪು ಬಾಗುವ ಮೂಲೆಯ ತುಂಡಾಗಿ, ನೇಮಕಗೊಂಡ ಅಣ್ಣಪ್ಪನಿಗೆ ‘ಆಸ್ಥಾನ ಎಲ್ಬೋ’ ಎಂಬ ಹುದ್ದೆ.

ತಿಂಗಳಲ್ಲೇ ನಲವತ್ತೆರಡನೆಯ ಭೇಟಿ ನಿಗದಿಯಾಯಿತು. ಮುನ್ನಾದಿನ ಪೇಂಟರ್ ಬಂದು ಡಬ್ಬ ಇಳಿಸಿ ಬ್ರಷ್ ಅದ್ದಿದ.

“ಕಣ್ಣ್ ಮುಚ್ಕೊ, ಅಣ್ಣಪ್ಪಣ್ಣ.”

ತಲೆಯಿಂದ ಕಾಲಿನವರೆಗೆ ಕೆಂಪಾಗುತ್ತ ನಿಂತ ಅಣ್ಣಪ್ಪ ಒಂದೇ ಮಾತು ಕೇಳಿದ.

“ನಾಳೆಗೂ ಆರ್ತಿ ಇತ್ತಾ?”

“ಹೌದ್, ಇತ್ತಂಬ್ರ್.”