ಉಗುರಿನ ಗುರುತಿದ್ದ ಸೋರೆಕಾಯಿ

ಅಡುಗೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ. ತರಕಾರಿ ಆರಿಸಲು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರನ್ನು ಮಾತ್ರ ನೋಡಿಲ್ಲ. ತಾನು ಆರಿಸಿದ ಬದನೆಕಾಯಿಯಲ್ಲಿ ಹುಳ ಇರುವುದಿಲ್ಲವೆಂದು ಪ್ರತಿಯೊಬ್ಬನಿಗೂ ನಂಬಿಕೆ. ನನಗೂ ಇತ್ತು. ಮೈಸೂರಿನಲ್ಲಿ ಅಮ್ಮ ನನ್ನನ್ನು ಚೀಲ ಹಿಡಿದು ನಿಲ್ಲುವುದು ಬಿಟ್ಟು ಬೇರೆ ಯಾವ ಕೆಲಸಕ್ಕೂ ಹಚ್ಚದಿದ್ದುದರಿಂದ ಆ ನಂಬಿಕೆಗೆ ಧಕ್ಕೆ ಬಂದಿರಲಿಲ್ಲ. ನ್ಯೂಜೆರ್ಸಿಗೆ ಬಂದ ಮೇಲೆ ಚೀಲ ಹೋಗಿ ತಳ್ಳುಗಾಡಿ ಬಂತು, ಅಮ್ಮನ ಜಾಗಕ್ಕೆ ಹೆಂಡತಿ ಬಂದಳು, ನನ್ನ ಹುದ್ದೆ ಅದೇ ಉಳಿಯಿತು.

ಆ ಶನಿವಾರ ಮಾತ್ರ ಒಬ್ಬನೇ ಹೋಗಬೇಕಾಯಿತು. ಕಾರಣ ಹೇಳಬೇಕೆಂದರೆ ನನ್ನ ಮಾನವನ್ನು ಸ್ವಲ್ಪ ಹರಾಜಿಗಿಡಬೇಕು. ಎರಡು ಸಾವಿರನೇ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪಿ ಕೆಡುತ್ತವೆಂಬ ವೈಟುಕೆ ಗಲಾಟೆ ಮುಗಿದು ಜಗತ್ತಿನ ಕಂಪ್ಯೂಟರುಗಳೆಲ್ಲ ಕ್ಷೇಮವಾಗಿದ್ದವು. ಅವನ್ನು ಕಾಪಾಡಲು ಬಂದಿದ್ದ ನಾನು ಬೆಂಚಿನ ಮೇಲಿದ್ದೆ. ಇದು ಮರದ ಬೆಂಚಲ್ಲ. ಕರೆಸಿಕೊಂಡ ಕನ್ಸಲ್ಟಿಂಗ್ ಕಂಪನಿ ಒಂದು ಪ್ರಾಜೆಕ್ಟ್ ಹುಡುಕಿಕೊಡುವ ತನಕ ಮನೆಯಲ್ಲಿ ಕೂರುವ ಸ್ಥಿತಿಗೆ ಆ ಹೆಸರು. ಬೇಗ ಸಿಗದಿದ್ದರೆ ವೀಸಾ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕು. ಹೀಗಿರುವಾಗ ಜೆರಿಕೋ ಎಂಬ ಊರಿನ ನಾಗರಾಜ್ ಅಂಕಲ್ ಯಾರದೋ ಮನೆಯ ಪೂಜೆಯಲ್ಲಿ ಸಿಕ್ಕಿದರು. ಮ್ಯಾನ್‌ಹಟನ್ನಿನ ಕಂಪನಿಯೊಂದರಲ್ಲಿ ಅವರು ಡೈರೆಕ್ಟರು. "ಎಳೇ ಸೋರೆಕಾಯಿ ಮಜ್ಜಿಗೆಹುಳಿ ತಿಂದು ಯಾವ ಕಾಲ ಆಯ್ತಮ್ಮಾ" ಎಂದು ಅವರು ಅಂದದ್ದೇ ತಡ, ನನ್ನ ಹೆಂಡತಿ ವಸುಧಾ ಆ ಶನಿವಾರ ಮಧ್ಯಾಹ್ನಕ್ಕೇ ಅವರನ್ನು ಊಟಕ್ಕೆ ಕರೆದೇಬಿಟ್ಟಳು.

"ನಂಗೆ ಒಬ್ಬಟ್ಟಿನ ಕೆಲಸ ಇದೆ. ನೀವೇ ಐಸೆಲಿನ್‌ಗೆ ಡ್ರೈವ್ ಮಾಡ್ಕೊಂಡು ಹೋಗ್ಬನ್ನಿ. ಎಳೇದು ನೋಡಿ ತನ್ನಿ. ನಿಮ್ಮ ಪ್ರಾಜೆಕ್ಟ್ ಆ ಸೋರೆಕಾಯೀಲಿದೆ," ಎಂದಳು.

ಐಸೆಲಿನ್ನಿನ ಇಂಡಿಯನ್ ಅಂಗಡಿಯಲ್ಲಿ ಬೆಳಗ್ಗೆ ಬಾಗಿಲು ತೆರೆಯುವಾಗಲೇ ನೂಕುನುಗ್ಗಲು. ಬೆಂಡೆಕಾಯಿಯ ರಾಶಿಯ ಮೇಲೆ ತುದಿ ಮುರಿಯಬೇಡಿ ಎಂದು ಇಂಗ್ಲಿಷಿನಲ್ಲೂ ಗುಜರಾತಿಯಲ್ಲೂ ಬರೆದುಹಾಕಿದ್ದರು. ಕನ್ನಡದಲ್ಲಿ ಬರೆದಿರಲಿಲ್ಲವಾದ್ದರಿಂದ ನಮ್ಮವರು ನಿಶ್ಚಿಂತೆಯಿಂದ ಮುರಿಯುತ್ತಿದ್ದರು. ಪಕ್ಕದಲ್ಲೇ ಸೋರೆಕಾಯಿ. ಸೀರೆಯ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿದ ಆಂಟಿಯರು ಒಂದೊಂದನ್ನೇ ಎತ್ತಿ, ಹೆಬ್ಬೆರಳಿನ ಉಗುರು ಚುಚ್ಚಿ, ಏನೋ ಯೋಚಿಸಿ ಇಡುತ್ತಿದ್ದರು. ಚುಚ್ಚಿದರೆ ಏನು ತಿಳಿಯುತ್ತದೆ ಎಂಬುದು ನನಗೆ ತಿಳಿಯದು. ಆದರೆ ನಾನು ಸಾಫ್ಟ್‌ವೇರಿನವನು. ಇಷ್ಟು ಅನುಭವಸ್ಥರು ಟೆಸ್ಟ್ ಮಾಡಿಟ್ಟ ಮಾಲಿರುವಾಗ ನಾನು ಹೊಸದಾಗಿ ಟೆಸ್ಟ್ ಮಾಡುವುದು ದಡ್ಡತನವೆನಿಸಿತು. ತೊಟ್ಟಿನಿಂದ ಬುಡದ ತನಕ ಉಗುರಿನ ಗುರುತಿದ್ದ ಒಂದನ್ನು ಹುಡುಕಿ ತೆಗೆದು ಗಾಡಿಗೆ ಹಾಕಿದೆ.

ಬಿಲ್ಲಿಗೆ ನಿಂತಾಗ ಹಿಂದಿದ್ದ ಧಾರವಾಡದ ಕಡೆಯ ಆಂಟಿ ಅದನ್ನೇ ದಿಟ್ಟಿಸಿ, "ಅದನ್ನ ಭಾಳ ಮಂದಿ ನೋಡ್ಯಾರ್ರೀ," ಎಂದರು.

"ಅದಕ್ಕೇ ತಗೊಂಡೆ ಆಂಟಿ," ಎಂದೆ ಹೆಮ್ಮೆಯಿಂದ. ಅವರು ಮತ್ತೆ ಮಾತಾಡಲಿಲ್ಲ. ನನ್ನ ಜಾಣತನಕ್ಕೆ ಮೂಕರಾದರೆಂದು ಭಾವಿಸಿದೆ.

ಮನೆಯಲ್ಲಿ ವಸುಧಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ನನ್ನ ಸಿದ್ಧಾಂತವನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಅಲ್ಲಾರೀ, ಇಷ್ಟು ಜನ ಉಗುರು ಹಾಕಿದಾರೆ ಅಂದ್ರೆ, ಇಷ್ಟೂ ಜನ ಬೇಡಾಂತ ವಾಪಸ್ ಇಟ್ಟಿದಾರೆ ಅಂತ ಅಲ್ವಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಅಪಾರ್ಟ್‌ಮೆಂಟು ಮೂರನೆಯ ಮಹಡಿಯಲ್ಲಿದ್ದುದರಿಂದ ಅದಕ್ಕೂ ಅನುಕೂಲವಿರಲಿಲ್ಲ. ಹೆಚ್ಚಿದರೆ ಒಳಗೆ ಬೀಜಗಳು ಬಿತ್ತನೆಗೇ ಸಿದ್ಧವಾಗಿದ್ದವು. ಇನ್ನೊಂದು ತರಲು ಹೊತ್ತಿರಲಿಲ್ಲ. ತಿರುಳನ್ನೆಲ್ಲ ಕೆರೆದು ತೆಗೆದು, ಉಳಿದದ್ದನ್ನು ಕುಕ್ಕರಿಗೆ ಹಾಕಿ ಅವಳು ದೇವರ ಮೇಲೆ ಭಾರ ಹಾಕಿದಳು.

ನಾಗರಾಜ್ ಅಂಕಲ್ ಮಜ್ಜಿಗೆಹುಳಿಯನ್ನು ಎರಡು ಸಲ ಹಾಕಿಸಿಕೊಂಡರು. ಹೋಳುಗಳನ್ನು ಮಾತ್ರ ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತ ಬಂದರು. ಒಬ್ಬಟ್ಟಿನ ಹೊತ್ತಿಗೆ ಅವರಾಗಿಯೇ, "ಮತ್ತೆ, ಇಂಟರ್‌ವ್ಯೂ ಎಲ್ಲಾದ್ರೂ ಆಯ್ತೇನಪ್ಪಾ?" ಎಂದು ಕೇಳಿದರು.

ನಾನು ಕಾಯುತ್ತಿದ್ದ ಗಳಿಗೆ ಅದು. ನನಗೆಷ್ಟು ಬೇಡಿಕೆಯಿದೆಯೆಂದು ತಿಳಿಯಲಿ ಎಂದು ಹುಮ್ಮಸ್ಸಿನಿಂದ ಶುರುಮಾಡಿದೆ. "ಏನ್ ಕೇಳ್ತೀರ ಅಂಕಲ್! ಸೀಕಾಕಸ್‌ನಲ್ಲೇ ಎರಡು ಕಂಪ್ನಿ, ಮ್ಯಾನ್‌ಹಟನ್‌ನಲ್ಲಿ ಒಂದು ಬ್ಯಾಂಕು, ಆಮೇಲೆ ಇನ್ಶೂರೆನ್ಸ್‌ನೋರು... ಎಲ್ಲರೂ ಕರೆಸಿ ಗಂಟೆಗಟ್ಟಲೆ ಟೆಸ್ಟ್ ಮಾಡಿದಾರೆ!"

ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದ ವಸುಧಾ ತಟ್ಟೆಯ ಅಂಚಿನಲ್ಲಿದ್ದ ಹೋಳುಗಳನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

ಅಂಕಲ್ ದೊಡ್ಡ ಮನುಷ್ಯರು. "ಆಗ್ಲಿ, ನಮ್ಮ ಆಫೀಸಿಗೂ ಒಂದ್ಸಲ ಬಂದ್ಬಿಡಪ್ಪಾ, ನಾವೂ ನೋಡೋಣ," ಎಂದರು. ಕೃತಜ್ಞತೆಯಿಂದ ತಲೆ ತಗ್ಗಿಸಿದ ನನ್ನ ಕಣ್ಣು ನೆಟ್ಟಗೆ ಹೋದದ್ದು ಅವರ ಹೆಬ್ಬೆರಳಿಗೆ. ಉಗುರು ಸ್ವಲ್ಪ ಉದ್ದವಾಗಿಯೇ ಇತ್ತು.