ಪರಮಾನಂದನ ಬಲಗಾಲು

ಮೋರಟಗಿಯ ದರ್ಜಿ ಪರಮಾನಂದ ಊರಿಗೆ ಚಿತ್ರೀಕರಣಕ್ಕೆ ಬಂದ ಸಿನಿಮಾದವರು ಹೊಲಿಯಲು ಹೇಳಿದ ಕಾವಿ ನಿಲುವಂಗಿಯನ್ನು ನಾಯಕನಟನ ಅಳತೆಗೆ ಹೊಲಿಯದೆ ತನ್ನ ಅಳತೆಗೆ ಹೊಲಿದುಬಿಟ್ಟ. ಮರೆತು ಹೊಲಿದದ್ದಲ್ಲ, ಮನಸ್ಸಿಟ್ಟೇ ಹೊಲಿದದ್ದು. ಇಪ್ಪತ್ತು ವರ್ಷ ಊರ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ಎಲ್ಲರಿಗೂ ಮಾತು ಹೇಳಿಕೊಟ್ಟವನು ಅವನು. ಒಂದೇ ಒಂದು ಸಲ ತನ್ನ ಮುಖ ತೆರೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಕಾಣಬೇಕು, ಅದನ್ನು ಹೆಂಡತಿ ಸೀತವ್ವ ನೋಡಬೇಕು ಎಂಬುದೇ ಅವನ ಜೀವಮಾನದ ಆಸೆ.

ಬೆಳಿಗ್ಗೆ ಆರಡಿಯ ನಾಯಕನಟ ಅಂಗಿ ತೊಟ್ಟರೆ ಅದು ಮೊಣಕಾಲಿಗೇ ನಿಂತು, ಬಗಲಲ್ಲಿ ಬಿಗಿದು, ಅವನು ಚಿಕ್ಕ ಗವಸಣಿಗೆಗೆ ತುರುಕಿದ ಲೋಡಿನಂತೆ ಕಂಡ. ಊರೆಲ್ಲ ನಕ್ಕಿತು. ಆತ ಅಂಗಿ ಬಿಸುಟು ಸಿಂದಗಿಯ ಬಸ್ಸು ಹತ್ತಿದ.

"ಈ ಅಂಗಿ ಯಾರಿಗೆ ಸರಿಹೋಗತೈತಿ, ಅವರ ಇವತ್ತ ನಮ್ಮ ಸಿನಿಮಾದ ಅಜ್ಜಾರು!" ಎಂದು ನಿರ್ದೇಶಕ ಅನೀಲಕುಮಾರ ತಲೆ ಚಚ್ಚಿಕೊಂಡ.

ಪರಮಾನಂದ ಗಂಟಲು ಸರಿಮಾಡಿಕೊಂಡ.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ನಡ, ಅಂದರೆ ಸೊಂಟ, ಬಿಡುತ್ತದೆಂಬುದು ಆ ಸೀಮೆಯ ನಂಬಿಕೆ. ಅದನ್ನೇ ಬಂಡವಾಳ ಮಾಡಿಕೊಂಡ ಒಬ್ಬ ಕಪಟಿ ಸ್ವಾಮಿ 'ಒದೆಯುವ ಅಜ್ಜ'ನನ್ನು ಗೇಲಿಮಾಡುವುದು ಚಿತ್ರದ ಉದ್ದೇಶ. ದೃಶ್ಯ ಸರಳವಾಗಿತ್ತು: ಅಜ್ಜ ಒದೆಯಬೇಕು, ಮುದುಕಿ "ಸತ್ತೆನೋ" ಎಂದು ಬೋರಲು ಬೀಳಬೇಕು, ಜನ ನಗಬೇಕು.

ಮುದುಕಿಯಾಗಿ ನೆರೆಮನೆಯ ಚನ್ನವ್ವ ಬಂದಳು. ನಾಲ್ಕು ತಿಂಗಳಿಂದ ಅವಳ ನಡ ನಿಜವಾಗಿಯೇ ಹಿಡಿದಿದ್ದರಿಂದ ಬಗ್ಗುವುದನ್ನು ಕಲಿಸುವ ತೊಂದರೆ ಇರಲಿಲ್ಲ. ಛಾಯಾಗ್ರಾಹಕಿ ವಿಜಯಶ್ರೀ ಕ್ಯಾಮೆರಾ ಸಜ್ಜುಮಾಡಿದಳು. ಹೊಲಿಗೆಯಂತ್ರ ತುಳಿದು ತುಳಿದು ಒನಕೆಯಂತಾಗಿದ್ದ ಬಲಗಾಲನ್ನು ಪರಮಾನಂದ ಎತ್ತಿ ಒದ್ದ.

ಕಟಕ್!

ಚನ್ನವ್ವ ಬೀಳಲಿಲ್ಲ. ಕರೆಂಟಿನ ಕಂಬದಂತೆ ನೆಟ್ಟಗೆ ನಿಂತಳು.

"ಯವ್ವಾ! ಹ್ವಾತಲ್ಲೋ ನೋವು!"

"ಆಯೀ, ನೀವು ನೆಟ್ಟಗಾಗಬಾರದ್ರಿ! ಕತಿ ಕೆಡತೈತಿ!" ಎಂದು ಅನೀಲಕುಮಾರ ಕೂಗಿದ.

"ನಾಕ ತಿಂಗಳ ಬಗ್ಗಿ ಈಗ ನೆಟ್ಟಗಾಗೇನಿ. ನಿನ್ನ ಕತಿ ಸಲುವಾಗಿ ಮತ್ತ ಬಗ್ಗಲೇನೋ ತಮ್ಮಾ?"

ಬೇರೆ ದಾರಿಯಿಲ್ಲದೆ, ನೋಡುತ್ತ ನಿಂತಿದ್ದ ಭೀಮಶ್ಯಾನನ್ನು ಬಗ್ಗಿಸಲಾಯಿತು. ಎತ್ತಿನಂಥ ಆಳು, ಅವನಿಗೆ ನೋವೆಂಬುದೇ ಇರಲಿಲ್ಲ. ಒದೆ ತಿಂದವನು ಸ್ವಲ್ಪ ಹೊತ್ತು ಯೋಚಿಸಿ ಗಂಭೀರವಾಗಿ ಹೇಳಿದ: "ಮುಂದ ಬರೋ ನೋವು ಹ್ವಾತ್ರಿ."

ಅಷ್ಟು ಸಾಕಾಯಿತು. ಪಾನಂಗಡಿಯ ಖಂಡೆಪ್ಪ, ಊರ ಜಗಳಗಳನ್ನೆಲ್ಲ ತನ್ನದೇ ಮಾಡಿಕೊಳ್ಳುವ ಪುಣ್ಯಾತ್ಮ, ಸರತಿಸಾಲಿಗೆ ಹಗ್ಗ ಕಟ್ಟಿಯೇಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಇಂಡಿಯಿಂದ ಎರಡು ಟಂಟಂ ಆಟೋ, ಮುದ್ದೇಬಿಹಾಳದಿಂದ ಒಂದು ಜೀಪು, ಬಸವನ ಬಾಗೇವಾಡಿಯಿಂದ ಒಂದು ಮದುವೆಯ ದಿಬ್ಬಣವೇ ದಾರಿ ಬಿಟ್ಟು ಬಂದವು.

"ಇದು ಸಿನಿಮಾ ಐತ್ರಿ! ಸುಳ್ಳು ಐತ್ರಿ!" ಎಂದು ಅನೀಲಕುಮಾರ ಮೈಕಿನಲ್ಲಿ ಅರಚಿದ.

ಖಂಡೆಪ್ಪ ಮೈಕು ಕಸಿದುಕೊಂಡ. "ಸುಳ್ಳಿದ್ದರ ಸಿನಿಮಾದವರು ಇಷ್ಟು ದೂರ ಬರ್ತಿದ್ರೇನ್ರಿ? ಅಜ್ಜಾರ ಮಹಿಮಾ ಕೇಳೇ ಕ್ಯಾಮೆರಾ ಹೊತ್ತು ಬಂದಾರ!"

ಪರಮಾನಂದ ಕೈಮುಗಿದ. "ನಾ ಎಲ್ಲಾರಂಗ ತಲಿ ಮುಂದಾಗೇ ಹುಟ್ಟೇನ್ರಿ! ಬೇಕಾದರ ನಮ್ಮಾಕೀನ್ನ ಕೇಳ್ರಿ!"

ಸೀತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇವರು ಹುಟ್ಟೂವಾಗ ನಾ ಅಲ್ಲಿ ನಿಂತಿದ್ದಿಲ್ಲ. ಆದರ ಮಾಡೂ ಕೆಲಸೆಲ್ಲಾ ಉಲ್ಟಾ ಮಾಡ್ತಾರ. ಹುಟ್ಟಿದ್ದೂ ಹಂಗ ಇರಬೇಕ್ರಿ."

ಜನ ಜಯಕಾರ ಹಾಕಿದರು. ಕಂಗಾಲಾದ ಪರಮಾನಂದ ಕಾವಿ ಅಂಗಿಯನ್ನೇ ಕಳಚಿ ಎಸೆದ. ಚಡ್ಡಿ ಬನಿಯನ್ನಿನಲ್ಲಿ ನಿಂತವನನ್ನು ಕಂಡು ಚನ್ನವ್ವನ ಕಣ್ಣು ತುಂಬಿಬಂತು.

"ಎಲ್ಲಾ ಬಿಟ್ಟಾರ ನೋಡ್ರಿ! ಅವಧೂತರು!"

ಅಂಗಿಯನ್ನು ಭಕ್ತರು ಚೂರುಚೂರು ಮಾಡಿ ಪ್ರಸಾದವೆಂದು ಒಯ್ದರು. ಪರಮಾನಂದ ಓಡಲು ನೋಡಿದ. ಖಂಡೆಪ್ಪ ಹಗ್ಗ ಬಿಗಿಮಾಡಿದ. ಅಷ್ಟರಲ್ಲಿ ಅನೀಲಕುಮಾರನ ಮುಖ ಇದ್ದಕ್ಕಿದ್ದಂತೆ ಅರಳಿ, "ವಿಜಯಶ್ರೀ, ಎಲ್ಲಾ ತಗಿ! ನಾ ಬರದ ಕತಿಗಿಂತ ಇದ ಚಲೋ ಐತಿ!" ಎಂದ. ಕ್ಯಾಮೆರಾ ತನ್ನ ಕಡೆ ತಿರುಗಿದ್ದೇ ತಡ, ಪರಮಾನಂದನ ಭಯ ಹಾರಿಹೋಯಿತು. ಸಂಜೆಯತನಕ ಮುಗುಳ್ನಗುತ್ತ, ಹುಬ್ಬು ಹಾರಿಸುತ್ತ, ಇನ್ನೂರು ನಡಗಳನ್ನು ಒದ್ದ. ಕಾಲು ಕುಂಬಳಕಾಯಿಯಂತೆ ಊದಿದರೂ ಮುಖದ ಕಳೆ ಕೆಡಲಿಲ್ಲ.

ಜನ ಕರಗಿದ ಮೇಲೆ ತೆಗೆದ ಚಿತ್ರವನ್ನು ಸಣ್ಣ ಪರದೆಯಲ್ಲಿ ನೋಡಿದರು. ಚನ್ನವ್ವನ ಮುಖ ಬಂತು. ಭೀಮಶ್ಯಾನದು ಬಂತು. ಖಂಡೆಪ್ಪನದು ಹನ್ನೆರಡು ಸಲ ಬಂತು. ಸಾಲಿನಲ್ಲಿ ನುಸುಳಿದ್ದ ಆಡಿನ ಮುಖವೂ ಬಂತು. ಅವುಗಳ ನಡುವೆ ಭಕ್ತರು ಅರಿಸಿನ ಮೆತ್ತಿದ್ದ ಒಂದು ಕಾಲು ಬಂದು ಬಂದು ಹೋಗುತ್ತಿತ್ತು.

"ಸರ್... ನನ್ನ ಮಾರಿ?"

"ಮಾರಿ ಕಂಡರ ಅದು ಒಬ್ಬ ದರ್ಜಿ ಕತಿ ಆಗತೈತ್ರಿ. ಕಾಣದಿದ್ದರ ಎಲ್ಲಾ ಕಪಟಿಗಳ ಕತಿ! ಬೇಕಂತಲೇ ಮಾರಿ ಬಿಟ್ಟು ತಗಿಸೇನಿ," ಎಂದು ಹೆಮ್ಮೆಯಿಂದ ಹೇಳಿದ ಅನೀಲಕುಮಾರ ಪೆಟ್ಟಿಗೆ ಕಟ್ಟಲು ಬಗ್ಗಿದ.

ಇಪ್ಪತ್ತು ವರ್ಷದ ಸಿಟ್ಟು ಒಮ್ಮೆಲೇ ಬಲಗಾಲಿಗೆ ಇಳಿಯಿತು. ಪರಮಾನಂದ ಝಾಡಿಸಿ ಒದ್ದ.

ಕಟಕ್!

ಅನೀಲಕುಮಾರ ಮೆಲ್ಲಗೆ ನೆಟ್ಟಗಾದ. ನಡ ಮುಟ್ಟಿಕೊಂಡ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಓದಿದ ವಿಜ್ಞಾನವೂ ಮೂಢನಂಬಿಕೆಯ ವಿರುದ್ಧ ಮಾಡಿದ ಭಾಷಣಗಳೂ ಅವನ ಕಣ್ಣಿನಿಂದ ಒಂದೊಂದಾಗಿ ಇಳಿದುಹೋದವು.

"ಎರಡ ವರ್ಷದ ನೋವು... ಹ್ವಾತಲ್ರಿ ಅಜ್ಜಾರ!" ಎಂದು ಪಾದದ ಮೇಲೆ ಬಿದ್ದು ಅತ್ತುಬಿಟ್ಟ.

ವಿಜಯಶ್ರೀ ಇಂಥ ಗಳಿಗೆಯನ್ನು ಬಿಡುವವಳಲ್ಲ. ಚಿತ್ರದ ಕೊನೆಯ ದೃಶ್ಯ ಅದೇ ಆಯಿತು: ತೆರೆಯ ತುಂಬ, ಗೋಡೆಯಷ್ಟು ದೊಡ್ಡದಾಗಿ, ಕಣ್ಣೀರಿಡುವ ನಿರ್ದೇಶಕನ ಮುಖ, ಕೆಳಗೆ ಒಂದು ಮೂಲೆಯಲ್ಲಿ ಪರಮಾನಂದನ ಬಲಗಾಲಿನ ಹೆಬ್ಬೆರಳು.